ಮೈಸೂರಿನ ಸುತ್ತ ಸೈಟು: ಕಡಿಮೆ ಬಜೆಟ್ಟಿಗೆ ಯಾವ ದಿಕ್ಕು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನಾನು ಬ್ರೋಕರ್ ಅಲ್ಲ. ಯಾವ ಲೇಔಟಿನವರ ಕಮಿಷನ್ನೂ ನನಗಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಭಾವನವರಿಗೆ ಮೈಸೂರಿನಲ್ಲಿ ಮೂವತ್ತು-ನಲವತ್ತರ (30x40 ಅಡಿ) ಒಂದು ಸೈಟು ಬೇಕಿತ್ತು. ಈಗಲೇ ಮನೆ ಕಟ್ಟೋಕಲ್ಲ, ಹಾಕಿದ ದುಡ್ಡು ಮಗಳ ಓದಿನ ಹೊತ್ತಿಗೆ ಒಂದಿಷ್ಟು ಬೆಳೆದಿರಲಿ ಅಂತ. ಬಜೆಟ್ಟು 25 ಲಕ್ಷದ ಆಸುಪಾಸು. ಆ ದುಡ್ಡಿಗೆ ಕುವೆಂಪುನಗರ, ಸರಸ್ವತಿಪುರಂ ಕಡೆ ಕಾರು ನಿಲ್ಲಿಸುವಷ್ಟು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ರಿಂಗ್ ರೋಡ್ ದಾಟಲೇಬೇಕು. ಊರಿನಲ್ಲೇ ಇರುವವನು ನಾನು, ಓಡಾಟ ನನ್ನ ತಲೆಗೆ ಬಂತು. ಸುತ್ತಿ ನೋಡಿದ್ದನ್ನು ಬರೆಯುತ್ತಿದ್ದೇನೆ, ಇದೇ ಬಜೆಟ್ಟಿನವರಿಗೆ ಉಪಯೋಗ ಆಗಬಹುದು.

ಮೈಸೂರಿಗೆ ಯಾಕೆ ಇಷ್ಟು ಜನ ಮುಗಿಬಿದ್ದಿದ್ದಾರೆ ಅಂತ ಜಾಸ್ತಿ ಹೇಳಬೇಕಿಲ್ಲ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು, 118 ಕಿಲೋಮೀಟರ್. ಅದಕ್ಕೂ ಮೊದಲೇ ರೈಲು ಹಳಿ ಜೋಡಿ ಆಗಿತ್ತು, ವಿದ್ಯುತ್ ಬಂದಿತ್ತು. ಅವತ್ತಿನಿಂದ ಊರಿನ ಸುತ್ತ ಕಬ್ಬು-ರಾಗಿ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ಕಮಾನು ಬಂದಿದೆ. ಕಮಾನಿನ ಮೇಲೆ ಇಂಗ್ಲಿಷ್ ಹೆಸರು, ಒಳಗೆ ಹೋದರೆ ನಂಬರ್ ಬರೆದ ಕಲ್ಲು, ಅಷ್ಟೇ.

ಮೊದಲು ಈ ಉಚಿತ ಸೈಟ್ ವಿಸಿಟ್ ಸೇವೆ ಬಗ್ಗೆ. ಕಂಪನಿ ಹೆಸರು ಬೇಡ, ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಥರ. ಭಾನುವಾರ ಬೆಳಿಗ್ಗೆ ಕಾರು ಮನೆ ಬಾಗಿಲಿಗೇ ಬರುತ್ತೆ. ಎಸಿ, ನೀರಿನ ಬಾಟಲಿ, ದಾರಿಯಲ್ಲಿ ತಿಂಡಿ, ಸೈಟಿನಲ್ಲಿ ಶಾಮಿಯಾನ, ಮಧ್ಯಾಹ್ನ ಊಟ. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಇದು ಹೆಣ್ಣು ನೋಡುವ ಶಾಸ್ತ್ರದ ಹಾಗೆ, ಉಪ್ಪಿಟ್ಟು ಕೇಸರಿಬಾತು ತಿಂದು ಕೂತ ಮೇಲೆ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಊಟ ಆದ ತಕ್ಷಣ ಒಬ್ಬ ಹುಡುಗ ಬಂದು ಕೂರುತ್ತಾನೆ. "ಸಾರ್, ಕಾರ್ನರ್ ಸೈಟು ಎರಡೇ ಉಳಿದಿರೋದು, ಇವತ್ತೇ ಟೋಕನ್ ಹಾಕಿದ್ರೆ ಚದರಡಿಗೆ ನೂರು ರೂಪಾಯಿ ಬಿಡ್ತೀವಿ." ಪತ್ರಗಳ ಜೆರಾಕ್ಸ್ ಕೊಡಿ, ವಕೀಲರಿಗೆ ತೋರಿಸ್ತೀನಿ ಅಂದೆ. "ಟೋಕನ್ ಆದ್ಮೇಲೆ ಸೆಟ್ ಕೊಡ್ತೀವಿ ಸಾರ್." ಟೋಕನ್ನಿಗೆ ಮೊದಲು ಪತ್ರ ಕೊಡದವರ ಹತ್ತಿರ ಮಾತು ಮುಂದುವರಿಸುವುದೇ ಬೇಡ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಊಟಕ್ಕೆ ಐದಕ್ಕೆ ನಾಲ್ಕು ಸ್ಟಾರ್, ಮಿಕ್ಕಿದ್ದಕ್ಕೆ ಒಂದು.

ಇನ್ನೊಂದು ವಿಷಯ, ಆ ಕಾರಿನಲ್ಲಿ ಹೋದರೆ ಅವರು ಯಾವ ದಾರಿಯಲ್ಲಿ ಕರೆದುಕೊಂಡು ಹೋಗುತ್ತಾರೋ ಅದೇ ದಾರಿ. ನಿಮ್ಮ ಗಾಡಿಯಲ್ಲೇ ಹೋಗಿ, ಸಾಧ್ಯವಾದರೆ ಸ್ಕೂಟರಿನಲ್ಲಿ. ಊರಿನ ಸಂದಿಯಲ್ಲಿ ನಿಂತು ಟೀ ಕುಡಿಯಿರಿ. ಬನ್ನೂರು ರಸ್ತೆ ಕಡೆ ಒಂದು ಲೇಔಟಿನ ಬೇಲಿ ಪಕ್ಕ ಹಸು ಮೇಯಿಸುತ್ತಿದ್ದ ಯಜಮಾನರೊಬ್ಬರನ್ನು ಮಾತಾಡಿಸಿದೆ. "ಆ ಕೆಳಗಡೆ ಸಾಲು ತಗೋಬ್ಯಾಡ ಕಣಪ್ಪ, ಅಲ್ಲಿ ಹಳ್ಳ ಇತ್ತು, ಮಣ್ಣು ತುಂಬವ್ರೆ" ಅಂದರು. ಬ್ರೋಷರಿನಲ್ಲಿ ಆ ಸಾಲಿಗೆ "ಪಾರ್ಕ್ ಫೇಸಿಂಗ್" ಅಂತ ಜಾಸ್ತಿ ರೇಟು ಹಾಕಿದ್ದರು!

ಈಗ ದಿಕ್ಕುಗಳ ವಿಷಯ. ನನ್ನ ಲೆಕ್ಕ ಒಂದೇ. ಮೈಸೂರಿನಲ್ಲಿ ಸೈಟು ಅಗ್ಗವಾಗಿದ್ದರೆ ಅದು ದೂರ ಅಂತಲ್ಲ, ಈ ಊರಿನಲ್ಲಿ ದೂರ ಅನ್ನುವುದೇ ಹೆಚ್ಚು ಅಂದರೆ ಅರ್ಧ ಗಂಟೆ. ಅಗ್ಗ ಯಾಕೆ ಅಂದರೆ ನೀರು ಬಂದಿಲ್ಲ, ಒಳಚರಂಡಿ ಸೇರಿಲ್ಲ, ಇಲ್ಲ ಖಾತೆ, ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ, ಸರಿ ಇಲ್ಲ. ಈ ಮೂರರಲ್ಲಿ ಯಾವುದು ಬಾಕಿ, ಅದು ಯಾವಾಗ ಬರುತ್ತೆ ಅನ್ನುವುದರ ಮೇಲೆ ಆ ಕಡೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕು. ಖಾತೆ ಬಾಕಿ ಅಂದರೆ ಬೇಡವೇ ಬೇಡ. ನೀರು ಬಾಕಿ ಅಂದರೆ ಕಾಯುವ ತಾಕತ್ತಿದ್ದವರು ಯೋಚನೆ ಮಾಡಬಹುದು.

ಶ್ರೀರಂಗಪಟ್ಟಣದ ಕಡೆ, ಅಂದರೆ ಸಿದ್ದಲಿಂಗಪುರ, ನಾಗನಹಳ್ಳಿಯಿಂದ ಆಚೆಗೆ "ಎಕ್ಸ್‌ಪ್ರೆಸ್‌ವೇ ಟಚ್" ಅನ್ನುವ ಮಾತು ಜಾಸ್ತಿ. ಹೌದು, ಸೈಟಿನಲ್ಲಿ ನಿಂತರೆ ಹೆದ್ದಾರಿ ಕಾಣುತ್ತೆ. ಹತ್ತೋಕೆ ಆಗಬೇಕಲ್ಲ? ಎಲ್ಲಿ ಬೇಕೋ ಅಲ್ಲಿ ಹತ್ತೋಕೆ ಇಳಿಯೋಕೆ ಅದು ಹಳೇ ಬೆಂಗಳೂರು ರಸ್ತೆ ಅಲ್ಲ. ಬೈಕು ಆಟೋಗಳನ್ನಂತೂ 2023ರ ಆಗಸ್ಟಿನಿಂದ ಮುಖ್ಯ ರಸ್ತೆಗೆ ಬಿಡುವುದೇ ಇಲ್ಲ. ಸರ್ವಿಸ್ ರೋಡೇ ಗತಿ. ಜೊತೆಗೆ ಸ್ವಲ್ಪ ಮುಂದೆ ಹೋದರೆ ಮಂಡ್ಯ ಜಿಲ್ಲೆ. ಬೋರ್ಡಿನಲ್ಲಿ ಮೈಸೂರು ಅಂತಿರುತ್ತೆ, ಪತ್ರದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕು ಅಂತಿರುತ್ತೆ. ಅದೇನು ತಪ್ಪಲ್ಲ, ಆದರೆ ಮೈಸೂರಿನ ರೇಟು ಕೊಟ್ಟು ತಗೊಳ್ಳಬೇಡಿ. ನಾಲೆ ಬಯಲಿನ ಗದ್ದೆಗಳನ್ನು ಗುಂಟೆ ಲೆಕ್ಕದಲ್ಲಿ "ಫಾರ್ಮ್ ಪ್ಲಾಟ್" ಅಂತ ಮಾರುವವರೂ ಇದ್ದಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದಮೇಲೆ ಕೃಷಿಕರಲ್ಲದವರೂ ಜಮೀನು ತಗೊಳ್ಳಬಹುದು, ನಿಜ. ಆದರೆ ಒಂದು ಪಹಣಿಯಲ್ಲಿ ಹತ್ತಾರು ಜನ ಜಂಟಿ ಹೆಸರು ಸೇರಿಸಿಕೊಂಡು ಕೂತರೆ ಆಮೇಲೆ ಅದನ್ನು ಯಾರಿಗೆ ಮಾರುತ್ತೀರಿ?

ಪೂರ್ವದ ಕಡೆ, ಬನ್ನೂರು ರಸ್ತೆ, ತಿ. ನರಸೀಪುರ ರಸ್ತೆ, ಚೆನ್ನಾಗಿದೆ. ಬೆಟ್ಟ ಕಾಣುತ್ತೆ, ಗಾಳಿ ಚೆನ್ನಾಗಿದೆ, ಶಾಲೆಗಳು ಬಂದಿವೆ. ಆದರೆ ಬೆಟ್ಟ ಕಾಣುವುದಕ್ಕೂ ಸೇರಿಸಿ ರೇಟು ಹಾಕಿಬಿಟ್ಟಿದ್ದಾರೆ. ಮನೆ ಕಟ್ಟಿ ಇರುವವರಿಗೆ ಸರಿ, 25 ಲಕ್ಷದವರಿಗೆ ರಿಂಗ್ ರೋಡಿನಿಂದ ತುಂಬಾ ಆಚೆ ಹೋಗಬೇಕಾಗುತ್ತೆ. ಬೋಗಾದಿ-ಗದ್ದಿಗೆ ರಸ್ತೆಯದ್ದೂ ಅದೇ ಕಥೆ, ಊರಿನವರಿಗೆ ಮೊದಲಿನಿಂದಲೂ ಇಷ್ಟದ ಜಾಗ. ಅಗ್ಗ ಅನ್ನುವ ಕಾಲ ಅಲ್ಲಿ ಮುಗಿದಿದೆ.

ಪಶ್ಚಿಮಕ್ಕೆ ಬನ್ನಿ. ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ. ನೋಡೋಕೆ ಏನೂ ಚೆಂದ ಇಲ್ಲ. ಕಾರ್ಖಾನೆ ಗೋಡೆ, ಲಾರಿ, ಶಿಫ್ಟ್ ಬಿಡುವ ಹೊತ್ತಿನಲ್ಲಿ ಬಸ್ಸಿನ ಸಾಲು. ಬೆಂಗಳೂರಿನಿಂದ ಬಂದವರು ಮೂಗು ಮುರಿಯುತ್ತಾರೆ. ನನಗೆ ಮಾತ್ರ ಹೂಡಿಕೆಗೆ ಅಂತ ನೋಡಿದರೆ ಈ ಕಡೆಯೇ ಸರಿ ಅನಿಸಿದ್ದು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಇನ್ಫೋಸಿಸ್ ಇದೆ, ಹೂಟಗಳ್ಳಿ-ಕೂರ್ಗಳ್ಳಿ ಸುತ್ತ ಬಿಡಿಭಾಗ ಮಾಡುವ ಕಾರ್ಖಾನೆಗಳು, ಬೆಮೆಲ್ ಇವೆ. ಕೆಲಸ ಮಾಡುವ ಜನಕ್ಕೆ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ ಬೇಕು. ಹೌಸಿಂಗ್ ಬೋರ್ಡ್ ಕಾಲೋನಿಯ ಸಣ್ಣ ಮನೆಗಳ ಗೇಟಿನಲ್ಲಿ "ಮನೆ ಬಾಡಿಗೆಗಿದೆ" ಬೋರ್ಡು ಹುಡುಕಿಕೊಂಡು ಸಂಜೆ ಒಂದು ಸುತ್ತು ಹೊಡೆದೆ, ಸಿಕ್ಕಿದ್ದು ತೀರಾ ಕಡಿಮೆ. ಆ ಬೋರ್ಡು ಸಿಗದೇ ಇರುವ ಬೀದಿಯಲ್ಲಿ ಸೈಟು ತಗೊಳ್ಳಿ ಅಂತ ನಾನು ಹೇಳುವುದು. 2020ರಲ್ಲಿ ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿ ಆದವು. ಅಂದರೆ ದೂರು ಕೊಡೋಕೆ ಒಂದು ಕಚೇರಿ ಇದೆ, ಕಸ ಎತ್ತೋಕೆ ಒಂದು ಗಾಡಿ ಬರುತ್ತೆ. ತೆರಿಗೆ ಪಂಚಾಯ್ತಿಗಿಂತ ಜಾಸ್ತಿ, ಕಟ್ಟಲೇಬೇಕು.

ನೀರಿನ ವಿಷಯದಲ್ಲಿ ಮಾತ್ರ ಈ ಕಡೆ ಹುಷಾರು. ಹಳೇ ಉಂಡವಾಡಿ ಯೋಜನೆ, ಅಂದರೆ ಕೆಆರ್‌ಎಸ್ ಹಿನ್ನೀರಿನಿಂದ ಕಾವೇರಿ ನೀರು ತರುವುದು, ವರ್ಷಗಳಿಂದ ಕೇಳುತ್ತಿದ್ದೇವೆ. ಲೇಔಟಿನವರು ಅದನ್ನು ಆಗಲೇ ಮುಗಿದ ಹಾಗೆ ಮಾತಾಡುತ್ತಾರೆ. ನೀವು ಬೋರ್‌ವೆಲ್ ಎಷ್ಟು ಅಡಿ, ಟ್ಯಾಂಕರ್ ತಿಂಗಳಿಗೆ ಎಷ್ಟು ಸಲ ಬರುತ್ತೆ ಅಂತ ಪಕ್ಕದ ಮನೆಯವರನ್ನು ಕೇಳಿ. ಮಾರ್ಚ್-ಏಪ್ರಿಲ್‌ನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು, ಆಗ ಯಾರೂ ಸುಳ್ಳು ಹೇಳಲ್ಲ.

ಇಲವಾಲದ ಬಗ್ಗೆ ತುಂಬಾ ಜನ ಕೇಳಿದ್ದಾರೆ. ಕುಶಾಲನಗರದ ಕಡೆಗೆ ನಾಲ್ಕು ಪಥದ ಹೆದ್ದಾರಿಗೂ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯ ದಿನವೇ ಶಂಕುಸ್ಥಾಪನೆ ಆಯಿತು, ಅದರ ಹೆಸರಿನಲ್ಲಿ ಇಲವಾಲದ ಸುತ್ತ ರೇಟು ಏರಿಸಿಬಿಟ್ಟಿದ್ದಾರೆ. ಇಲವಾಲ ಊರು ಚೆನ್ನಾಗಿದೆ, ಅಂಗಡಿ, ಬಸ್ಸು ಎಲ್ಲ ಇದೆ. ಊರಿಗೆ ಅಂಟಿಕೊಂಡಿರುವ, ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇರುವ ಲೇಔಟು ಸಿಕ್ಕರೆ ಸರಿ. ಊರು ದಾಟಿ ಒಳಗೆ ಮೂರ್ನಾಲ್ಕು ಕಿಲೋಮೀಟರ್ ಹೋದರೆ ನಾನು ನೋಡಿದ ಲೇಔಟುಗಳಲ್ಲಿ ಒಂದೂ ಮನೆ ಇಲ್ಲ. ಒಂದು ಕಡೆ ಒಳಚರಂಡಿಯ ಮುಚ್ಚಳ ಸ್ವಲ್ಪ ಸರಿದಿತ್ತು, ಬಗ್ಗಿ ನೋಡಿದೆ. ಒಳಗೆ ಒಣ ಮಣ್ಣು, ಜೇಡರ ಬಲೆ. ಪೈಪು ಈ ಗುಂಡಿಯಿಂದ ಪಕ್ಕದ ಗುಂಡಿಗೆ ಹೋಗಿದೆ, ಅಲ್ಲಿಂದ ಕೊನೇ ಗುಂಡಿಗೆ, ಆಮೇಲೆ ಎಲ್ಲಿಗೂ ಇಲ್ಲ. ನಲ್ಲಿ ತಿರುಗಿಸಿದರೆ ಗಾಳಿ ಬಂತು. ಕಂಬ ಇದೆ, ತಂತಿ ಇಲ್ಲ. ಓವರ್‌ಹೆಡ್ ಟ್ಯಾಂಕಿಗೆ ಬಣ್ಣ ಮಾತ್ರ ಹೊಸದು. "ಎಲ್ಲ ಸೌಲಭ್ಯ ರೆಡಿ ಸಾರ್" ಅಂದವರು ಇವರೇ. ಸೈಟು ನೋಡೋಕೆ ಹೋದಾಗ ದಯವಿಟ್ಟು ಮುಚ್ಚಳ ಎತ್ತಿ ನೋಡಿ, ನಾಚಿಕೆ ಬೇಡ.

ದಕ್ಷಿಣಕ್ಕೆ ನಂಜನಗೂಡು ರಸ್ತೆ. ಮಂಡಕಳ್ಳಿ ವಿಮಾನ ನಿಲ್ದಾಣ ದಾಟಿ ಕಡಕೊಳ, ತಾಂಡವಪುರ. ನಿಲ್ದಾಣದ ರನ್‌ವೇ ಉದ್ದ ಮಾಡುತ್ತಾರೆ ಅನ್ನುವುದನ್ನು ಬ್ರೋಕರುಗಳು ದೇವರ ನಾಮದ ಹಾಗೆ ಹೇಳುತ್ತಾರೆ, ಅದನ್ನು ಲೆಕ್ಕಕ್ಕೇ ತಗೊಳ್ಳಬೇಡಿ. ಲೆಕ್ಕಕ್ಕೆ ತಗೊಳ್ಳಬೇಕಾದ್ದು ಈಗಾಗಲೇ ಇರುವುದನ್ನು. ಟಿವಿಎಸ್ ಕಾರ್ಖಾನೆ ಇದೆ, ಕಡಕೊಳದಲ್ಲಿ ರೈಲ್ವೆ ಸ್ಟೇಷನ್ ಇದೆ, ಕಂಟೇನರ್ ಡಿಪೋ ಬಂದಿದೆ, ಮುಂದೆ ನಂಜನಗೂಡಿನಲ್ಲಿ ನೆಸ್ಲೆಯಿಂದ ಹಿಡಿದು ಕಾರ್ಖಾನೆಗಳ ಸಾಲೇ ಇದೆ. ರಸ್ತೆ ರಾಷ್ಟ್ರೀಯ ಹೆದ್ದಾರಿ 766, ಬಸ್ಸಿಗೆ ಕಾಯಬೇಕಿಲ್ಲ. ನನ್ನ ಎರಡನೇ ಆಯ್ಕೆ ಇದು. ರೇಟು ಪಶ್ಚಿಮಕ್ಕಿಂತ ಕಡಿಮೆ ಕೇಳಿದರು. ಆದರೆ ಬಾಡಿಗೆದಾರರು ಸದ್ಯಕ್ಕೆ ಹೂಟಗಳ್ಳಿಯಷ್ಟು ಸಿಗಲ್ಲ, ಹತ್ತು ವರ್ಷ ಮುಟ್ಟದೆ ಬಿಡುವವರಿಗೆ ಮಾತ್ರ. ಜಾತ್ರೆ ದಿನ ಈ ರಸ್ತೆಗೆ ಸೈಟು ನೋಡೋಕೆ ಹೋಗಬೇಡಿ, ಅದನ್ನು ಬೇರೆ ಹೇಳಬೇಕಿಲ್ಲ ಅಲ್ವಾ.

ಇಷ್ಟೆಲ್ಲ ಸುತ್ತಾಟದಲ್ಲಿ ನಾನು ಬಳಸಿದ್ದರಲ್ಲಿ ಐದಕ್ಕೆ ಐದು ಸ್ಟಾರ್ ಕೊಡುವುದು ಒಂದಕ್ಕೇ: ದಿಶಾಂಕ್ ಆ್ಯಪ್. ಸರ್ಕಾರದ್ದು, ಪುಕ್ಕಟೆ. ಸೈಟಿನ ಮಧ್ಯೆ ನಿಂತು ತೆಗೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತೆ, ಅಲ್ಲಿಂದ ಪಹಣಿಯ ತನಕ ಹೋಗಬಹುದು. ಆ ಬನ್ನೂರು ರಸ್ತೆಯ ಕೆಳಗಿನ ಸಾಲಿನಲ್ಲಿ ನಿಂತು ತೆಗೆದಾಗ ಹಳ್ಳದ ಗೆರೆ ಸರಿಯಾಗಿ ನನ್ನ ಕಾಲಡಿ ಹಾದು ಹೋಗಿತ್ತು. ಹಸು ಮೇಯಿಸುವ ಯಜಮಾನರ ಮಾತು, ಸರ್ಕಾರದ ನಕಾಶೆ, ಎರಡೂ ಒಂದೇ. ಕೆಲವು ಸಲ ಹತ್ತಿಪ್ಪತ್ತು ಅಡಿ ಆಚೆ ಈಚೆ ತೋರಿಸುತ್ತೆ, ಸರ್ವೆಯರ್ ಬದಲಿಗೆ ಇದನ್ನೇ ನಂಬಬೇಡಿ. ಆದರೆ ಬ್ರೋಕರ್ ಹೇಳಿದ ಸರ್ವೆ ನಂಬರಿಗೂ ನಿಂತ ಜಾಗಕ್ಕೂ ಸಂಬಂಧವೇ ಇಲ್ಲ ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ನಾನು ಫೋನ್ ತೆಗೆದ ಕೂಡಲೇ ಒಬ್ಬ "ಅದೆಲ್ಲ ಸರಿ ತೋರಿಸಲ್ಲ ಸಾರ್" ಅಂದ. ತೋರಿಸುತ್ತೆ ಅನ್ನೋದು ಅವನ ಮುಖದಲ್ಲೇ ಕಾಣುತ್ತಿತ್ತು.

ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ಗೆ ಮೂರೂವರೆ ಸ್ಟಾರ್. ಇಸಿ (ಆಸ್ತಿಯ ಹಿಂದಿನ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪತ್ರ) ಮನೆಯಲ್ಲೇ ಕೂತು ತೆಗೆಯಬಹುದು, ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ, ನೋಡಬಹುದು. ಸರ್ವರ್ ಯಾವಾಗ ಮಲಗುತ್ತೆ ಅಂತ ಹೇಳೋಕಾಗಲ್ಲ, ಅದಕ್ಕೇ ಒಂದೂವರೆ ಕಡಿಮೆ. ಆನ್‌ಲೈನಿನಲ್ಲಿ ಸಿಗುವುದು ಈಚಿನ ವರ್ಷಗಳದ್ದು, ಹಿಂದಿನದ್ದಕ್ಕೆ ಕಚೇರಿಗೇ ಅಲೆಯಬೇಕು. 30 ವರ್ಷದ ಇಸಿ ಬೇಡ, 13 ವರ್ಷದ್ದು ಸಾಕು ಅನ್ನುವ ಬ್ರೋಕರ್ ಮಾತು ಕೇಳಬೇಡಿ. ಯಾಕೆ ಅಂದರೆ, ಮೈಸೂರಿನ ಸುತ್ತ ಸರ್ಕಾರ ಮಂಜೂರು ಮಾಡಿದ ಜಮೀನು ಇರುತ್ತೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅದು ವಾಪಸ್ ಹೋಗುತ್ತೆ, ಹೋಗಬೇಕಾದ್ದೇ. 2023ರ ತಿದ್ದುಪಡಿ ಆದಮೇಲೆ ಹಳೇದಾಯಿತು, ಕಾಲಮಿತಿ ಮೀರಿತು ಅನ್ನುವ ವಾದಕ್ಕೂ ಜಾಗ ಇಲ್ಲ. ಮೂಲ ಮಂಜೂರಾತಿಯ ತನಕ ಹೋಗಿ ನೋಡಲೇಬೇಕು.

ಖಾತೆ ವಿಷಯ ಚಿಕ್ಕದಾಗಿ. ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಫಾರಂ 9, 11ಎ ಕೇಳಿ. 11ಬಿ ಕೊಟ್ಟರೆ ಅದು ಕನ್ವರ್ಷನ್ (ಕೃಷಿ ಜಮೀನನ್ನು ವಸತಿಗೆ ಬದಲಾಯಿಸುವ ಅನುಮತಿ), ಪ್ಲಾನ್ ಸರಿ ಇಲ್ಲದ ರೆವಿನ್ಯೂ ಸೈಟು, ಬ್ಯಾಂಕಿನವರು ಸಾಲಕ್ಕೆ ಹಿಂದೇಟು ಹಾಕುತ್ತಾರೆ. ನಗರಸಭೆ, ಪಟ್ಟಣ ಪಂಚಾಯ್ತಿಯಾದರೆ ಎ ಖಾತೆಯೋ (ಅನುಮತಿ ಎಲ್ಲ ಸರಿ ಇರುವುದು) ಬಿ ಖಾತೆಯೋ (ಸರಿ ಇಲ್ಲದ್ದು) ನೋಡಿ. ಬಿ ಖಾತೆ ಸೈಟು ಮೂರನೇ ಒಂದು ಪಾಲು ಕಡಿಮೆಗೆ ಸಿಗುತ್ತೆ ಅಂತ ಒಬ್ಬರು ಆಸೆ ತೋರಿಸಿದರು. ನಾಳೆ ನೀವು ಮಾರುವಾಗ ತಗೊಳ್ಳುವವನೂ ಅದೇ ಡಿಸ್ಕೌಂಟ್ ಕೇಳುತ್ತಾನೆ, ಲಾಭ ಎಲ್ಲಿಂದ ಬಂತು? "ಮುಡಾ ಅಪ್ರೂವ್ಡ್" (ಮುಡಾ ಅಂದರೆ ಹಿಂದಿನ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಅನ್ನುವ ಮಾತಿಗೆ ನಕ್ಷೆ ತೋರಿಸಿ ಅನ್ನಿ, ನಿಮ್ಮ ಸೈಟು ನಂಬರಿಗೆ ಪ್ರಾಧಿಕಾರದ ಬಿಡುಗಡೆ ಪತ್ರ (ಮಾರಬಹುದು ಅನ್ನುವ ಒಪ್ಪಿಗೆ) ಆಗಿದೆಯಾ ಅಂತ ಕೇಳಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರನ್ನು ಅವರ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. 500 ಚದರ ಮೀಟರ್ ದಾಟಿದ ಲೇಔಟಿಗೆ ರೇರಾ ನೋಂದಣಿ ಬೇಕು. ಪಾರ್ಕು, ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಿದ್ದಾರಾ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಒಪ್ಪಿಸದ ಲೇಔಟಿನಲ್ಲಿ ಬೀದಿ ದೀಪ ಕೆಟ್ಟರೂ ಯಾರನ್ನು ಕೇಳಬೇಕು ಅಂತ ಗೊತ್ತಾಗಲ್ಲ.

ಭಾವನವರಿಗೆ ನಾನು ಹಾಕಿಕೊಟ್ಟ ಲೆಕ್ಕ ಇದು. ಚದರಡಿಗೆ 2,000 ರೂಪಾಯಿ ಅಂತ ಇಟ್ಟುಕೊಳ್ಳಿ, 1,200 ಚದರಡಿಗೆ 24 ಲಕ್ಷ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2 ಆಗಿದೆ. ಮುದ್ರಾಂಕ ಶುಲ್ಕ 5, ಅದರ ಮೇಲಿನ ಸೆಸ್ಸು ಸರ್ಚಾರ್ಜು ಸೇರಿದರೆ ಒಟ್ಟು 7.6ರ ಹತ್ತಿರ. ಅಂದರೆ 1.82 ಲಕ್ಷ ಅಲ್ಲೇ ಹೋಯಿತು, ಬಜೆಟ್ಟು ದಾಟಿತು. ಸೈಟು ಬಾಡಿಗೆ ತರಲ್ಲ. ಅದೇ ದುಡ್ಡು ಶೇಕಡ 7ರಂತೆ ಠೇವಣಿಯಲ್ಲಿದ್ದರೆ ವರ್ಷಕ್ಕೆ 1.68 ಲಕ್ಷ ಬರುತ್ತಿತ್ತು. ಮಾರುವಾಗ ಲಾಭಕ್ಕೆ 12.5ರಷ್ಟು ತೆರಿಗೆ, 2024ರ ಜುಲೈ 23ರ ನಂತರ ತಗೊಂಡದ್ದಕ್ಕೆ ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಲೆಕ್ಕ ಹಾಕುವುದು) ಇಲ್ಲ. ಹಾಗಾಗಿ ಐದು ವರ್ಷದಲ್ಲಿ ಡಬಲ್ ಅನ್ನುವವನ ಮಾತಿಗೆ ಸುಮ್ನೆ ತಲೆ ಆಡಿಸಿ ಎದ್ದು ಬನ್ನಿ. ಕೂರ್ಗಳ್ಳಿ ಕಡೆ ಇಪ್ಪತ್ತು-ಮೂವತ್ತು ಸೈಟು ತಗೊಂಡು, ಉಳಿದ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ ಬಾಡಿಗೆಗೆ ಒಂದು ಸಣ್ಣ ಮನೆ ಎತ್ತುವುದು ನನಗೆ ಹೆಚ್ಚು ಸರಿ ಕಂಡಿತು. ಅಕ್ಕನಿಗೂ ಅದೇ ಇಷ್ಟ. ಭಾವನವರಿಗೆ ಇನ್ನೂ ಬೆಟ್ಟ ಕಾಣುವ ಸೈಟಿನ ಮೇಲೆ ಕಣ್ಣು.

ಕ್ಯಾಶ್ ವಿಷಯ ಒಂದು ಬಾಕಿ. "ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡ್ಸಣ, ಮಿಕ್ಕಿದ್ದು ಕೈಗೆ ಕೊಡಿ" ಅಂತ ಬಹಳ ಜನ ಕೇಳುತ್ತಾರೆ. 20,000 ರೂಪಾಯಿ ಅಥವಾ ಮೇಲ್ಪಟ್ಟು ಅಡ್ವಾನ್ಸನ್ನು ನಗದಾಗಿ ತಗೊಳ್ಳುವ ಹಾಗಿಲ್ಲ, ತಗೊಂಡವನಿಗೆ ಅಷ್ಟೇ ಮೊತ್ತದ ದಂಡ. ನಿಮಗೂ ನಷ್ಟ, ಯಾಕೆ ಅಂದರೆ ಪತ್ರದಲ್ಲಿ ಕಡಿಮೆ ತೋರಿಸಿದರೆ ಮಾರುವಾಗ ಲಾಭ ಜಾಸ್ತಿ ಕಾಣುತ್ತೆ, ತೆರಿಗೆ ನಿಮ್ಮ ತಲೆ ಮೇಲೆ. ವಿದೇಶದಲ್ಲಿರುವವರು ಊರಿನ ನೆಂಟರಿಗೆ ಜಿಪಿಎ (ತಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ) ಕೊಡುವುದಾದರೆ ಯಾವ ಸೈಟು, ಯಾವ ಕೆಲಸ ಅಂತ ಬರೆದು ಅಷ್ಟಕ್ಕೇ ಕೊಡಿ. ನೆಂಟರು ಎಷ್ಟೇ ಒಳ್ಳೆಯವರಿರಲಿ.

ರೇಟು ಮಾತಾಡೋಕೆ ಆಷಾಢ ಒಳ್ಳೆಯದು. ಯಾರೂ ಹೊಸದಾಗಿ ಏನೂ ತಗೊಳ್ಳಲ್ಲ, ಬ್ರೋಕರುಗಳು ಖಾಲಿ ಕೂತಿರುತ್ತಾರೆ, ಮಾರ್ಚಿನಲ್ಲಿ ಫೋನ್ ಎತ್ತದವರು ಆಗ ತಾವೇ ಮಾಡುತ್ತಾರೆ. ಆಷಾಢ ಶುಕ್ರವಾರ ಮಾತ್ರ ಬೆಟ್ಟದ ಕಡೆ ಹೋಗಬೇಡಿ, ಅವತ್ತು ಆ ರಸ್ತೆಯಲ್ಲಿ ಗಾಡಿ ಮುಂದಕ್ಕೆ ಹೋಗಲ್ಲ. ಮಾತು ಮುಗಿಸಿ ಇಟ್ಟುಕೊಂಡು ಶ್ರಾವಣದಲ್ಲಿ ಅಗ್ರಿಮೆಂಟ್ ಮಾಡಿಕೊಳ್ಳಿ, ಆ ರೇಟಿಗೇ ಅಂತ ಆಷಾಢದಲ್ಲೇ ಬರೆಸಿಕೊಂಡಿರಬೇಕು ಅಷ್ಟೇ, ಇಲ್ಲ ಅಂದರೆ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ "ಓನರ್ ಒಪ್ತಿಲ್ಲ ಸಾರ್" ಅಂತಾರೆ.